ಉಳಿದ ಕಾರ್ಡಿನ ಲೆಕ್ಕ

ಕೇಳುವವರು ಬದಲಾಗುತ್ತಾರೆ, ಪ್ರಶ್ನೆ ಮಾತ್ರ ಒಂದೇ. "ಒಂದು ಶುಭಾಶಯದ ಕಾರ್ಡಿಗೆ ನಿನಗೆ ಬೀಳುವ ಖರ್ಚು ಹದಿನಾರು ರೂಪಾಯಿ, ಅಂಗಡಿಯಲ್ಲಿ ಅದರ ಬೆಲೆ ಅರವತ್ತು. ಮಿಕ್ಕಿದ ನಲವತ್ತನಾಲ್ಕು ಯಾರ ಜೇಬಿಗೆ?" ಕೇಳುವಾಗ ಕಣ್ಣಲ್ಲಿ ಒಂದು ಸಣ್ಣ ನಗು ಇರುತ್ತದೆ, ಕಳ್ಳನನ್ನು ಹಿಡಿದೆ ಎಂಬ ನಗು. ಅಂಗಡಿಯವರು ಶೇಕಡ ನಲವತ್ತು ಇಟ್ಟುಕೊಳ್ಳುತ್ತಾರೆ ಎಂದು ಹೇಳಿದರೆ ಆ ನಗು ಅನುಕಂಪಕ್ಕೆ ತಿರುಗುತ್ತದೆ. "ಅಯ್ಯೋ, ಅಷ್ಟೊಂದಾ? ಬೆಳಗಿನ ಜಾವ ಬೆಟ್ಟ ಹತ್ತಿ ಫೋಟೋ ತೆಗೆದವನು ನೀನು, ಕೂತಲ್ಲೇ ಕೂತು ದುಡ್ಡು ಎಣಿಸುವವರು ಅವರು!" ಮೊದಲು ನಾನು ಲಾಭಕೋರ, ಮರುಕ್ಷಣವೇ ಶೋಷಿತ. ಈ ಎರಡು ಪಟ್ಟಗಳೂ ನನಗೆ ಸಲ್ಲುವುದಿಲ್ಲ ಎನ್ನುವುದನ್ನು ನಿಂತ ನಿಲುವಿನಲ್ಲಿ ವಿವರಿಸಲು ಆಗುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಚಿಕ್ಕಬಳ್ಳಾಪುರದಲ್ಲಿ ನನ್ನದೊಂದು ಚಿಕ್ಕ ಸ್ಟುಡಿಯೊ ಇದೆ. ಪಾಸ್‌ಪೋರ್ಟ್ ಅಳತೆಯ ಫೋಟೋ, ನಾಮಕರಣ, ಗೃಹಪ್ರವೇಶ, ಮದುವೆ. ಎಲ್ಲರ ಕೈಗೂ ಮೊಬೈಲ್ ಕ್ಯಾಮೆರಾ ಬಂದ ಮೇಲೆ ಇಂಥ ಸ್ಟುಡಿಯೊಗಳ ಕಥೆ ಏನಾಯಿತೆಂದು ಹೇಳಬೇಕಾಗಿಲ್ಲ. ಬಿಡುವಿನ ಹೊತ್ತಿನಲ್ಲಿ ಸುತ್ತಮುತ್ತ ತೆಗೆದಿಟ್ಟಿದ್ದ ಚಿತ್ರಗಳು ಬೇಕಾದಷ್ಟಿದ್ದವು. ನಂದಿ ಬೆಟ್ಟದ ಕೆಳಗೆ ಹರಡಿಕೊಂಡ ಮೋಡ, ಭೋಗನಂದೀಶ್ವರ ದೇವಸ್ಥಾನದ ಶೃಂಗಿ ತೀರ್ಥದ ಮೆಟ್ಟಿಲುಗಳು, ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆ, ದ್ರಾಕ್ಷಿ ಚಪ್ಪರ, ಸಂಕ್ರಾಂತಿಯ ದನಗಳು. ಇವುಗಳನ್ನು ಶುಭಾಶಯದ ಕಾರ್ಡು ಮಾಡಿ ಅಂಗಡಿಗಳಿಗೆ ಕೊಡುವ ಕೆಲಸ ಶುರುವಾದದ್ದು ಹಾಗೆ. ಒಳಗಡೆ ಖಾಲಿ, ಬರೆಯುವವರು ಏನು ಬೇಕಾದರೂ ಬರೆದುಕೊಳ್ಳಬಹುದು. ಹೊಸ ವರ್ಷದ ಇಸವಿ ಹಾಕಿಸಿದ ಕಾರ್ಡು ಜನವರಿ ಮುಗಿಯುವುದರೊಳಗೆ ರದ್ದಿಗೆ ಹೋಗುತ್ತದೆ, ಹಬ್ಬದ ಹೆಸರಿದ್ದದ್ದು ಹಬ್ಬದ ಮಾರನೆಯ ದಿನವೇ ಹಳತಾಗುತ್ತದೆ. ಖಾಲಿ ಕಾರ್ಡು ಮುಂದಿನ ತಿಂಗಳಿಗೂ ಉಳಿಯುತ್ತದೆ.

ಹದಿನಾರು ರೂಪಾಯಿ ಎಲ್ಲಿಂದ ಬಂತು

ಮೊದಲು ಖರ್ಚು. 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ರಟ್ಟು, 13×19 ಅಂಗುಲದ ಹಾಳೆ. ಬಿಡಿಸಿದಾಗ ಎ5 (ಎ4 ಹಾಳೆಯ ಅರ್ಧ), ಮಡಚಿದಾಗ ಎ6 (ಅದರ ಅರ್ಧ) ಆಗುವ ಕಾರ್ಡುಗಳು ಒಂದು ಹಾಳೆಯಲ್ಲಿ ನಾಲ್ಕು ಕೂರುತ್ತವೆ. ಮುಂದಿನ ಚಿತ್ರ ಮತ್ತು ಹಿಂದಿನ ಒಂದು ಸಾಲಿನ ವಿವರ ಎರಡೂ ಹಾಳೆಯ ಒಂದೇ ಬದಿಗೆ ಬರುವುದರಿಂದ ಒಂದು ಬದಿಯ ಮುದ್ರಣ ಸಾಕು. ನಾನು ಡಿಜಿಟಲ್ ಮುದ್ರಣ ಮಾಡಿಸುವುದು ಬೆಂಗಳೂರಿನಲ್ಲಿ, ಪೇಟೆಯ ಕಡೆ. ರಟ್ಟೂ ಮುದ್ರಣವೂ ಸೇರಿ ಕಾರ್ಡಿಗೆ ಏಳು ರೂಪಾಯಿ, ಮ್ಯಾಟ್ ಲ್ಯಾಮಿನೇಷನ್‌ಗೆ (ಹೊಳಪಿಲ್ಲದ ತೆಳು ಪ್ಲಾಸ್ಟಿಕ್ ಪದರಕ್ಕೆ) ಒಂದೂವರೆ, ಕಟಿಂಗ್ ಮತ್ತು ಮಡಿಕೆಯ ಗೆರೆ ಒತ್ತುವ ಕ್ರೀಸಿಂಗ್‌ಗೆ ಒಂದೂವರೆ, ಲಕೋಟೆಗೆ ಮೂರು, ಪಾರದರ್ಶಕ ಕವರಿಗೆ ಒಂದು, ಕವರಿಗೆ ತುಂಬಿ ಅಂಟಿಸುವ ಕೂಲಿ ಒಂದು, ಬಸ್ಸು ಮತ್ತು ಕೆಟ್ಟುಹೋಗುವ ಹಾಳೆಗಳ ಬಾಬ್ತು ಒಂದು. ಒಟ್ಟು ಹದಿನಾರು.

ಇದರಲ್ಲಿ ಕೂಲಿಯ ಆ ಒಂದು ರೂಪಾಯಿಯ ಬಗ್ಗೆ ನನಗೆ ಹಟವಿದೆ. ಕವರು ತುಂಬುವುದು ನಮ್ಮ ಅತ್ತಿಗೆ. ಮನೆಯವರ ಕೈಗೆಲಸವನ್ನು ಲೆಕ್ಕಕ್ಕೆ ಹಿಡಿಯದೆ "ನಮಗೆ ಇಷ್ಟರಲ್ಲೇ ಆಗುತ್ತದೆ" ಎಂದು ಬೀಗುವ ಸಣ್ಣ ವ್ಯಾಪಾರಿಗಳನ್ನು ಉಪ್ಪಿನಕಾಯಿಯಿಂದ ಹಿಡಿದು ಊದುಬತ್ತಿಯವರೆಗೆ ಎಲ್ಲ ಕಡೆಯೂ ನೋಡಿದ್ದೇನೆ. ಅವರ ಬೆಲೆ ಕಡಿಮೆ ಇರುವುದಕ್ಕೆ ಕಾರಣ ಜಾಣ್ಮೆಯಲ್ಲ; ಒಬ್ಬ ಹೆಂಗಸಿನ ಮಧ್ಯಾಹ್ನಗಳು ಪುಕ್ಕಟೆ ಸಿಗುತ್ತಿವೆ, ಅಷ್ಟೆ. ಬೇಡಿಕೆ ಹೆಚ್ಚಿ ಹೊರಗಿನವರನ್ನು ಕೂಲಿಗೆ ಕರೆಯಬೇಕಾಗಿ ಬಂದ ದಿನ ಇಂಥ ಬೆಲೆ ಕುಸಿದು ಬೀಳುತ್ತದೆ. ಮರುಮಾರಾಟಕ್ಕೆ ಕೊಡುವವರಂತೂ ಕೆಲಸ ಬೇರೆಯವರಿಂದ ಮಾಡಿಸಿದರೂ ನಿಲ್ಲುವಂಥ ಬೆಲೆಯನ್ನೇ ಮೊದಲ ದಿನದಿಂದ ಕಟ್ಟಬೇಕು.

ತಾಂತ್ರಿಕ ವಿಷಯದಲ್ಲಿ ಉದ್ದ ಹೇಳಲು ಹೋಗುವುದಿಲ್ಲ. ಎರಡು ಮೂರು ಮಾತು ಸಾಕು. ನಮ್ಮ ಕ್ಯಾಮೆರಾದ ಚೌಕಟ್ಟಿನ ಉದ್ದ ಅಗಲದ ಅನುಪಾತ 3:2, ಎ6 ಕಾರ್ಡು ಅದಕ್ಕಿಂತ ಸ್ವಲ್ಪ ಮೋಟು. ಆದ್ದರಿಂದ ಚಿತ್ರದ ಉದ್ದದ ಬದಿಯಲ್ಲಿ ಒಂದಿಷ್ಟು ಹೋಗಿಯೇ ಹೋಗುತ್ತದೆ. ಗೋಪುರದ ಕಲಶವನ್ನು ಅಂಚಿಗೆ ತಂದಿಟ್ಟು ಫೋಟೋ ತೆಗೆದವರು ಇಲ್ಲಿ ಅಳುತ್ತಾರೆ. ಪರದೆಯಲ್ಲಿ ಹೊಳೆಯುವ ನಂದಿಯ ಕಿತ್ತಳೆ ಬೆಳಗು ನಾಲ್ಕು ಬಣ್ಣದ ಮುದ್ರಣಕ್ಕೆ ಬಂದಾಗ ಮಂಕಾಗುತ್ತದೆ. ಪರದೆಗೆ ಅದರದೇ ಬೆಳಕಿದೆ, ಕಾಗದಕ್ಕೆ ಇಲ್ಲ. ಒಂದು ಹಾಳೆ ಮಾದರಿ ತೆಗೆಸಿ, ಅಂಗಡಿಯ ಟ್ಯೂಬ್‌ಲೈಟಿನಲ್ಲೂ ಬೀದಿಯ ಬಿಸಿಲಿನಲ್ಲೂ ನೋಡಿಯೇ ಮುಂದುವರಿಯಬೇಕು. ಮೂರನೆಯದು, ರಟ್ಟಿನ ಒಳಬದಿಗೆ ಹೊಳಪಿನ ಲೇಪ ಇರಲೇಬಾರದು. ಶಾಯಿ ಹೀರದೆ ಬರೆದದ್ದೆಲ್ಲ ಅಂಗೈಗೆ ಅಂಟುವ ಕಾರ್ಡನ್ನು ಜನ ಒಮ್ಮೆ ಕೊಳ್ಳುತ್ತಾರೆ, ಇನ್ನೊಮ್ಮೆ ಕೊಳ್ಳುವುದಿಲ್ಲ.

ಲಗ್ನಪತ್ರಿಕೆಯ ವಾದ

ನಮ್ಮೂರಿನಲ್ಲಿ ಕಾರ್ಡಿನ ಬೆಲೆಯನ್ನು ಜನ ಅಳೆಯುವುದು ಲಗ್ನಪತ್ರಿಕೆಯಿಂದ. "ಗಣಪತಿ ಚಿತ್ರ, ಬಂಗಾರದ ಬಣ್ಣದ ಅಚ್ಚು, ಒಳಗೆ ಎರಡು ಹಾಳೆ, ಲಕೋಟೆ ಸಮೇತ ಹದಿನೈದು ರೂಪಾಯಿಗೆ ಮಾಡಿಸಿದೆವು. ನಿಮ್ಮದು ಒಂದೇ ಮಡಿಕೆ, ಅದಕ್ಕೆ ಅರವತ್ತೇ?" ಇದು ಸುಲಭದಲ್ಲಿ ತಳ್ಳಿಹಾಕುವ ವಾದವಲ್ಲ. ಕಾಗದ, ಬಣ್ಣ, ಕೆಲಸ ಎಲ್ಲದರಲ್ಲೂ ಲಗ್ನಪತ್ರಿಕೆಯ ತೂಕವೇ ಹೆಚ್ಚು. ಹಾಗಿದ್ದೂ ಅದು ಅಗ್ಗ. ಇದಕ್ಕೆ ಉತ್ತರ ಹುಡುಕುತ್ತಾ ಹೋದಾಗಲೇ ಈ ಕಸುಬಿನ ಒಳಗುಟ್ಟು ನನಗೆ ಸಿಕ್ಕಿದ್ದು.

ಐನೂರು ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಐನೂರಕ್ಕೂ ಯಜಮಾನ ಇರುತ್ತಾನೆ. ಹುಡುಗಿಯ ತಂದೆ ಮುಂಗಡ ಕೊಟ್ಟಿದ್ದಾರೆ, ಮಿಕ್ಕ ಹಣವನ್ನು ತರುವಾಗ ಕೊಡುತ್ತಾರೆ. ಅದರಲ್ಲಿ ನೂರು ಹಂಚದೆ ಬೀರುವಿನಲ್ಲಿ ಉಳಿದರೂ ಮುದ್ರಕನಿಗೆ ಸಂಬಂಧವಿಲ್ಲ. ನನ್ನ ಸ್ಟುಡಿಯೊದ ಕೆಲಸವೂ ಹಾಗೆಯೇ: ಗುಂಡಿ ಒತ್ತುವ ಮೊದಲೇ ಎದುರಿಗೆ ಗಿರಾಕಿ ಕೂತಿರುತ್ತಾರೆ. ಇಷ್ಟು ವರ್ಷದ ಕಸುಬಿನಲ್ಲಿ ಯಾರೂ ಕೇಳದ ಫೋಟೋವನ್ನು ಯಾರಾದರೂ ಕೊಂಡಾರೆಂದು ಅಚ್ಚು ಹಾಕಿಸಿದ್ದು ಈ ಕಾರ್ಡಿನಲ್ಲೇ ಮೊದಲು. ಅರವತ್ತು ರೂಪಾಯಿಯಲ್ಲಿ ಕಾಗದದ ಬೆಲೆ ಇದೆ, ಕೂಲಿ ಇದೆ, ಅಂಗಡಿಯವರ ಪಾಲಿದೆ. ಇವಲ್ಲದೆ, ಯಾರೂ ಕೊಳ್ಳದೆ ಮೂಲೆಯಲ್ಲಿ ಕೂತ ಕಾರ್ಡುಗಳ ಬೆಲೆಯೂ ಅದರಲ್ಲೇ ಇದೆ. ಹೋದ ಕಾರ್ಡು ಹೋಗದ ಕಾರ್ಡಿನ ಸಾಲ ತೀರಿಸಬೇಕು.

ಲೆಕ್ಕ ಹೀಗೆ. ಅರವತ್ತರಲ್ಲಿ ಅಂಗಡಿಯ ಶೇಕಡ ನಲವತ್ತು ಕಳೆದರೆ ನನ್ನ ಕೈಗೆ ಮೂವತ್ತಾರು. ನೂರು ಕಾರ್ಡಿಗೆ ನಾನು ಹಾಕಿದ ಬಂಡವಾಳ 1600 ರೂಪಾಯಿ. ನಲವತ್ತೈದು ಮಾರಿದಾಗ ಹಾಕಿದ ದುಡ್ಡು ಮರಳಿ ಬರುತ್ತದೆ, ಆಮೇಲಿನದಷ್ಟೇ ಗಳಿಕೆ. ಎಲ್ಲರೂ ಸಲಹೆ ಕೊಡುವಂತೆ ಬೆಲೆಯನ್ನು ನಲವತ್ತಕ್ಕೆ ಇಳಿಸಿದರೆ ನನಗೆ ಬರುವುದು ಇಪ್ಪತ್ತನಾಲ್ಕು; ಆಗ ಅಸಲು ಹುಟ್ಟಬೇಕಾದರೆ ನೂರರಲ್ಲಿ ಅರವತ್ತೇಳು ಹೋಗಬೇಕು. ನಲವತ್ತಕ್ಕೆ ಇಳಿಸಿದ ಮಾತ್ರಕ್ಕೆ ದ್ರಾಕ್ಷಿ ಚಪ್ಪರದ ಕಾರ್ಡು ಕೇಳಿಕೊಂಡು ಜನ ಬರುವುದಿಲ್ಲ. ಕಾರ್ಡು ಬೇಡವಾದವನಿಗೆ ಹತ್ತು ರೂಪಾಯಿಯೂ ದುಬಾರಿ. ಬೇಕಾದವನು ನಲವತ್ತಕ್ಕೂ ಅರವತ್ತಕ್ಕೂ ನಡುವೆ ಅಷ್ಟು ತಡಕಾಡುವುದಿಲ್ಲ.

"ಹಾಗಾದರೆ ಹೆಚ್ಚು ಅಚ್ಚು ಹಾಕಿಸು, ಒಂದಕ್ಕೆ ಬೀಳುವ ಖರ್ಚು ಇಳಿಯುತ್ತದೆ" ಎಂಬುದು ಇನ್ನೊಂದು ಸಲಹೆ. ಆಫ್‌ಸೆಟ್ ಮುದ್ರಣದಲ್ಲಿ ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟು. ಆ ಪ್ಲೇಟಿನ ಖರ್ಚು, ಯಂತ್ರ ಹದಕ್ಕೆ ಬರುವವರೆಗೆ ಹಾಳಾಗುವ ಕಾಗದದ ಖರ್ಚು ನೂರು ಪ್ರತಿಗೂ ಅಷ್ಟೇ, ಐದು ಸಾವಿರಕ್ಕೂ ಅಷ್ಟೇ. ಶಿವಕಾಶಿಯ ಕಾರ್ಡು ಅಗ್ಗವಾಗುವುದು ಈ ಕಾರಣದಿಂದ. ಒಂದು ಚಿತ್ರವನ್ನು ಸಾವಿರ ಪ್ರತಿ ಹಾಕಿಸಿ ಒಂದಕ್ಕೆ ಆರು ರೂಪಾಯಿ ಬಿತ್ತೆಂದು ಇಟ್ಟುಕೊಳ್ಳೋಣ. ಒಟ್ಟು ಆರು ಸಾವಿರ. ಮಾರಿದ್ದು ಮುನ್ನೂರಾದರೆ ಆ ಒಂದೊಂದರ ನಿಜವಾದ ಖರ್ಚು ಆರಲ್ಲ, ಇಪ್ಪತ್ತು. ಮಿಕ್ಕ ಏಳುನೂರು ಮಂಚದ ಕೆಳಗೆ. ಇಂಥ ಚಿತ್ರ ಒಂದಲ್ಲ, ಹತ್ತು ಹನ್ನೆರಡು ಬೇಕು. ನನ್ನ ಮನೆಯಲ್ಲಿ ಅಷ್ಟು ಮಂಚಗಳಿಲ್ಲ. ಮಳೆಗಾಲದ ತೇವಕ್ಕೆ ಒಂದೇ ಬದಿ ಲ್ಯಾಮಿನೇಷನ್ ಆದ ರಟ್ಟು ನಿಧಾನವಾಗಿ ಬಿಲ್ಲಿನಂತೆ ಬಾಗುತ್ತದೆ ಎನ್ನುವುದನ್ನೂ ಮರೆಯಬಾರದು.

ಬಿ.ಬಿ. ರಸ್ತೆಯ ಅಂಗಡಿ

ಈಗ ಅಂಗಡಿಯವರ ಶೇಕಡ ನಲವತ್ತಕ್ಕೆ ಬರುತ್ತೇನೆ. ನಮ್ಮೂರಿನ ಬಿ.ಬಿ. ರಸ್ತೆಯ ಒಂದು ಸ್ಟೇಷನರಿ ಅಂಗಡಿಗೆ ಮಾದರಿಗಳನ್ನು ಹಿಡಿದು ಹೋದ ಮಧ್ಯಾಹ್ನ ಚೆನ್ನಾಗಿ ನೆನಪಿದೆ. ಶಾಲೆ ಬಿಡುವ ಮುಂಚಿನ ಹೊತ್ತು, ಗಿರಾಕಿಗಳಿರಲಿಲ್ಲ. ಯಜಮಾನರು ಕಾರ್ಡನ್ನು ಕೈಗೆ ತೆಗೆದುಕೊಂಡು ಮೊದಲು ತಿರುಗಿಸಿ ಬೆನ್ನು ನೋಡಿದರು. ಬೆಲೆ ಓದಿದರು. ಆಮೇಲೆ ಲಕೋಟೆಯನ್ನು ಹೊರಗೆಳೆದು ಅಂಟಿರುವ ಬಾಯಿಯ ಮೇಲೆ ಬೆರಳಾಡಿಸಿದರು. ಕವರಿನ ಮೂಲೆಗಳನ್ನು ಒತ್ತಿದರು. ಎಲ್ಲ ಮುಗಿದ ಮೇಲೆ, ಕೊನೆಯದಾಗಿ, ಚಿತ್ರ ನೋಡಿದರು. "ನಂದಿ. ಚೆನ್ನಾಗಿದೆ," ಎಂದರು. ನಾನು ಮಂಜು ಸರಿಯುವುದನ್ನು ಕಾದು ತೆಗೆದ ಚಿತ್ರಕ್ಕೆ ಸಿಕ್ಕ ವಿಮರ್ಶೆ ಅಷ್ಟೇ.

"ಮಾರ್ಜಿನ್ ಎಷ್ಟು ಸ್ವಾಮಿ?" ಎಂದು ಕೇಳಿದರು. ಶೇಕಡ ಮೂವತ್ತು ಎಂದೆ. ನಗಲಿಲ್ಲ, ಬೈಯಲೂ ಇಲ್ಲ. ಗಲ್ಲಾದ ಪಕ್ಕದಲ್ಲಿ ನಿಂತಿದ್ದ ಪೆನ್ನುಗಳ ಸ್ಟ್ಯಾಂಡನ್ನು ತೋರಿಸಿದರು. "ನಿಮ್ಮ ಕಾರ್ಡಿನ ಸ್ಟ್ಯಾಂಡ್ ಇಡಬೇಕಾದರೆ ಇದನ್ನು ಎತ್ತಬೇಕು. ಇದು ದಿನವೂ ದುಡಿಯುತ್ತದೆ. ನಿಮ್ಮದು ಡಿಸೆಂಬರಿನಲ್ಲಿ ದುಡಿಯುತ್ತದೆ, ಸಂಕ್ರಾಂತಿಗೆ ಸ್ವಲ್ಪ, ಯುಗಾದಿಗೆ ಸ್ವಲ್ಪ. ಮಿಕ್ಕ ತಿಂಗಳು ನಿಂತಿರುತ್ತದೆ. ನಿಂತಿರುವುದಕ್ಕೆ ಬಾಡಿಗೆ ಯಾರು ಕೊಡುತ್ತಾರೆ?" ಅಷ್ಟು ಹೇಳಿ, ತೆಲುಗಿನಲ್ಲಿ ತಮ್ಮಷ್ಟಕ್ಕೆ ಏನೋ ಗುಣಿಸಿಕೊಂಡು (ನಮ್ಮ ಕಡೆಯ ಬಹಳಷ್ಟು ಅಂಗಡಿಗಳಲ್ಲಿ ಮಾತು ಕನ್ನಡದಲ್ಲಾದರೂ ಲೆಕ್ಕ ತೆಲುಗಿನಲ್ಲಿ ನಡೆಯುತ್ತದೆ) ಎರಡು ದಾರಿ ಮುಂದಿಟ್ಟರು. ನಗದು ಕೊಟ್ಟು ಕೊಳ್ಳುವುದಾದರೆ ಶೇಕಡ ನಲವತ್ತು ಬೇಕು, ಮಾರದೆ ಉಳಿದದ್ದು ತಮ್ಮ ಹಣೆಬರಹ. ಮಾರಿದ ಮೇಲೆ ಹಣ ಕೊಡುವುದಾದರೆ ಮೂವತ್ತೇ ಸಾಕು. ಆದರೆ ಮಸುಕಾದದ್ದು, ಮೂಲೆ ಮುರಿದದ್ದು, ಮಕ್ಕಳು ಜಿಡ್ಡು ಕೈಯಲ್ಲಿ ಮುಟ್ಟಿದ್ದು ಎಲ್ಲ ನನ್ನ ಪಾಲು.

ಶೇಕಡ ಹತ್ತರ ಆ ವ್ಯತ್ಯಾಸ ಉಳಿದ ಕಾರ್ಡಿನ ಭಾರವನ್ನು ಯಾರು ಹೊರುತ್ತಾರೆ ಎನ್ನುವುದರ ಬೆಲೆ. ನಾನು ಯಾವುದೇ ಅರ್ಥಶಾಸ್ತ್ರದ ತರಗತಿಯಲ್ಲಿ ಇಷ್ಟು ಸ್ಪಷ್ಟವಾಗಿ ಕೇಳಿದ್ದಿಲ್ಲ. ನಲವತ್ತನ್ನೇ ಒಪ್ಪಿದೆ. ಮನೆಗೆ ಹೋದ ಮೇಲೂ ಅದು ಲೂಟಿ ಅನ್ನಿಸಲಿಲ್ಲ, ಇಂದಿಗೂ ಅನ್ನಿಸಿಲ್ಲ. ಕಡಿಮೆ ಕಾರ್ಡು ಕೊಳ್ಳುತ್ತಾರೆ ನಿಜ. ಆದರೆ ಕೊಂಡದ್ದನ್ನು ಬಾಗಿಲ ಬಿಸಿಲಿನಿಂದ ಒಳಗೆ ಸರಿಸುವುದು, ಧೂಳು ಒರೆಸುವುದು, ಬಂದವರಿಗೆ "ಇದು ನಮ್ಮೂರಿನವರೇ ತೆಗೆದದ್ದು" ಎಂದು ತೋರಿಸುವುದು ಎಲ್ಲವನ್ನೂ ಅವರೇ ಮಾಡುತ್ತಾರೆ. ಮಾರಿದ ಮೇಲೆ ಹಣ ಎಂದು ಒಪ್ಪಿಕೊಂಡ ಬೇರೆ ಅಂಗಡಿಗಳಲ್ಲಿ ನನ್ನ ಸ್ಟ್ಯಾಂಡು ನೋಟ್‌ಪುಸ್ತಕಗಳ ಹಿಂದೆ ಸರಿದುಹೋಗಿದ್ದನ್ನೂ ನೋಡಿದ್ದೇನೆ. ದುಡ್ಡು ಹಾಕಿದ ವಸ್ತುವಿನ ಮೇಲೆ ಕಣ್ಣಿರುತ್ತದೆ.

ಅವರಿಂದ ತಿಳಿದ ಇನ್ನೊಂದು ಸಂಗತಿ. ಹೋಗದ ಚಿತ್ರಗಳನ್ನು ಕಿತ್ತುಹಾಕಿ ನಂದಿಯ ಮೋಡ, ಶೃಂಗಿ ತೀರ್ಥ ಎರಡನ್ನೇ ತುಂಬಿಸೋಣ ಎಂದಾಗ ಬೇಡವೆಂದರು. ಎರಡೇ ಬಗೆ ಇದ್ದರೆ ಜನ ಸ್ಟ್ಯಾಂಡಿನ ಹತ್ತಿರವೇ ನಿಲ್ಲುವುದಿಲ್ಲವಂತೆ. ದ್ರಾಕ್ಷಿ ಚಪ್ಪರವನ್ನು ಎತ್ತಿ ನೋಡಿ, ಮುಖ ಸಿಂಡರಿಸಿ, ವಾಪಸಿಟ್ಟು, ಪಕ್ಕದ ನಂದಿಯನ್ನು ಕೊಳ್ಳುತ್ತಾರೆ. ಹಾಗೆ ನೋಡಿದರೆ ದ್ರಾಕ್ಷಿ ಚಪ್ಪರವೂ ಕೆಲಸ ಮಾಡುತ್ತಿದೆ, ಸಂಬಳವಿಲ್ಲದೆ. ಅದರ ಸಂಬಳವೂ ನಂದಿಯ ಅರವತ್ತರಲ್ಲೇ ಸೇರಬೇಕು.

ಇಲ್ಲಿಂದ ಹುಟ್ಟುವ ಒಂದು ನಿಯಮದಿಂದ ಕೆಲವು ಸ್ನೇಹಿತರು ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ಸ್ಟುಡಿಯೊಗೇ ಬಂದು "ನನಗೆ ನೇರವಾಗಿ ಮೂವತ್ತಾರಕ್ಕೆ ಕೊಡು" ಎಂದರೆ ಕೊಡುವುದಿಲ್ಲ. ನನ್ನ ಬಾಗಿಲಲ್ಲೂ ಅರವತ್ತೇ. ಹತ್ತು ಹೆಜ್ಜೆ ದೂರದಲ್ಲಿ ನಾನೇ ಅಗ್ಗಕ್ಕೆ ಮಾರಿದರೆ, ನಗದು ಕೊಟ್ಟು ಕೊಂಡಿಟ್ಟ ಯಜಮಾನರ ಮುಖವನ್ನು ಹೇಗೆ ನೋಡಲಿ? ನಾನೇ ಮಾರಿದಾಗ ಉಳಿಯುವ ಇಪ್ಪತ್ತನಾಲ್ಕು ಅಂಗಡಿ ತೆರೆದು ಕೂತ ನನ್ನ ಹೊತ್ತಿನ ಬೆಲೆ. ಬೇಕಾದರೆ ಸ್ನೇಹಿತರಿಗೆ ಒಂದು ಕಾರ್ಡು ಸುಮ್ಮನೆ ಕೊಡುತ್ತೇನೆ. ಸುಮ್ಮನೆ ಕೊಟ್ಟರೆ ಬೆಲೆ ಕೆಡುವುದಿಲ್ಲ, ಕಡಿಮೆಗೆ ಕೊಟ್ಟರೆ ಕೆಡುತ್ತದೆ.

ಹನ್ನೆರಡು ಪಟ್ಟು

ಒಂದು ಅಡ್ಡಮಾತು. ವ್ಯಾಪಾರಕ್ಕೆಂದು ಅಚ್ಚಾದ ಮೊದಲ ಕ್ರಿಸ್‌ಮಸ್ ಕಾರ್ಡು 1843ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಕೋಲ್ ಮಾಡಿಸಿದ್ದು. ಚಿತ್ರ ಬರೆದವರು ಜಾನ್ ಕ್ಯಾಲ್ಕಾಟ್ ಹಾರ್ಸ್ಲಿ. ಬೆಲೆ ಒಂದು ಶಿಲ್ಲಿಂಗ್. 1840ರಲ್ಲಿ ಜಾರಿಗೆ ಬಂದ ಪೆನ್ನಿ ಅಂಚೆಯಲ್ಲಿ ಒಂದು ಪೆನ್ನಿಗೆ ಪತ್ರ ಹೋಗುತ್ತಿತ್ತು, ಆ ಅಂಚೆ ಸುಧಾರಣೆಯಲ್ಲಿ ಕೋಲ್ ಅವರ ಕೈಯೂ ಇತ್ತು. ಶಿಲ್ಲಿಂಗಿಗೆ ಹನ್ನೆರಡು ಪೆನ್ನಿ. ಅಂದರೆ ಕಾರ್ಡಿನ ಬೆಲೆ ಅದನ್ನು ಕಳಿಸುವ ವೆಚ್ಚದ ಹನ್ನೆರಡು ಪಟ್ಟು. ನನ್ನ ಕಾರ್ಡು ಸುಮಾರು ಒಂಬತ್ತು ಗ್ರಾಂ, ಲಕೋಟೆ ಸೇರಿದರೂ ಇಪ್ಪತ್ತು ಗ್ರಾಂ ಮುಟ್ಟುವುದಿಲ್ಲ. ಐದು ರೂಪಾಯಿಯ ಅಂಚೆಚೀಟಿಯಲ್ಲಿ ಹೋಗುತ್ತದೆ. ಅರವತ್ತು ಎಂದರೆ ಐದರ ಹನ್ನೆರಡು ಪಟ್ಟು. ಇದು ಕಾಕತಾಳೀಯ, ಇದರಿಂದ ಯಾವ ಸಿದ್ಧಾಂತವೂ ಹುಟ್ಟುವುದಿಲ್ಲ. ಆದರೂ ಬೆಲೆ ಹೆಚ್ಚಾಯಿತೆಂದು ಬೈಸಿಕೊಂಡ ಸಂಜೆಗಳಲ್ಲಿ ಈ ಗುಣಾಕಾರ ನೆನಪಾಗಿ ಖುಷಿಯಾಗುತ್ತದೆ.

ಬಿಚ್ಚಾಣಿಕೆಯ ಅಕ್ಕ

ಹದಿನಾರು ರೂಪಾಯಿಯ ಪಟ್ಟಿಯಲ್ಲಿ ಚಿತ್ರದ ಬೆಲೆ ಎಲ್ಲಿಯೂ ಇಲ್ಲ ಎನ್ನುವುದನ್ನು ಗಮನಿಸಿರಬಹುದು. ನನ್ನ ಚಿತ್ರದ ಹಕ್ಕು ನನ್ನದು, ಅದಕ್ಕೆ ಏನಾದರೂ ಬರುವುದಿದ್ದರೆ ಕೊನೆಯಲ್ಲಿ ಉಳಿದದ್ದರಲ್ಲಿ ಬರಲಿ ಎಂದು ಬಿಟ್ಟಿದ್ದೇನೆ. (ಸ್ಟುಡಿಯೊದವರಿಗೆ ಒಂದು ಕಿವಿಮಾತು: ಹಣ ಕೊಟ್ಟು ತೆಗೆಸಿಕೊಂಡ ಫೋಟೋದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ತೆಗೆಸಿಕೊಂಡವರದ್ದು. ಮದುವೆಯ ಆಲ್ಬಮ್ಮಿನ ಮುದ್ದು ಮಗುವನ್ನು ಕಾರ್ಡಿಗೆ ಹಾಕಲು ಹೋಗಬೇಡಿ.) ಆದರೆ ಚಿತ್ರದಲ್ಲಿ ಇರುವವರ ಪಾಲು?

ಶಿಡ್ಲಘಟ್ಟದ ಒಂದು ಬಿಚ್ಚಾಣಿಕೆ ಮನೆಯಲ್ಲಿ, ಕುದಿನೀರಿನ ಆವಿಯ ನಡುವೆ ಗೂಡಿನಿಂದ ಎಳೆ ಹಿಡಿಯುತ್ತಿದ್ದ ಒಬ್ಬ ಹೆಂಗಸಿನ ಚಿತ್ರ ತೆಗೆದಿದ್ದೆ. ಕಿಟಕಿಯ ಬೆಳಕು ಆವಿಯಲ್ಲಿ ಹಾದು ಅವರ ಕೈಬೆರಳುಗಳ ಮೇಲೆ ಬಿದ್ದಿತ್ತು. ಕಾರ್ಡು ಮಾಡುವ ಮುಂಚೆ ಮಾದರಿಯನ್ನು ಹಿಡಿದು ಅವರ ಬಳಿಗೆ ಹೋದೆ. ಅವರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನೋಡಿದರು. "ನನಗಿಂತ ರಾಟೆಯೇ ಚೆನ್ನಾಗಿ ಬಂದಿದೆ ಅಣ್ಣ," ಎಂದರು. ಆಮೇಲೆ ಬೆಲೆ ಕೇಳಿದರು. ಅರವತ್ತು ಎಂದೆ. "ಗೂಡಿಗಾದರೆ ಮಾರ್ಕೆಟ್ಟಿನಲ್ಲಿ ಹರಾಜಿದೆ, ದಿನಕ್ಕೊಂದು ರೇಟಿದೆ. ಇದಕ್ಕೆ ರೇಟು ಕಟ್ಟುವವರು ಯಾರು?" ನಾನೇ ಎಂದೆ. ಅವರಿಗೆ ಅದು ವಿಚಿತ್ರವಾಗಿ ಕಂಡಿತು. ರೇಷ್ಮೆಯ ಊರಿನಲ್ಲಿ ಮಾಲು ತಂದವನೇ ತನ್ನ ಮಾಲಿಗೆ ಬೆಲೆ ಹೇಳುವುದು ಎಲ್ಲುಂಟು?

ಮಾರಿದ ಪ್ರತಿ ಕಾರ್ಡಿಗೆ ಇಷ್ಟೆಂದು ಕೊಡುವುದೋ, ಈಗಲೇ ಒಂದು ಮೊತ್ತ ಕೊಡುವುದೋ ಎಂದು ಕೇಳಿದೆ. ಪ್ರತಿ ಕಾರ್ಡಿನ ಲೆಕ್ಕದಲ್ಲಿ ಕಾಲಕ್ರಮೇಣ ಹೆಚ್ಚು ಸಿಗಬಹುದು ಅಕ್ಕ ಎಂದೂ ಹೇಳಿದೆ. ಅವರು ಯೋಚಿಸಲೇ ಇಲ್ಲ. "ಮಾರಿದರೆ ಕೊಡುತ್ತೇನೆ ಎನ್ನುವ ಮಾತನ್ನು ಈ ಊರಿನಲ್ಲಿ ಬಹಳ ಕೇಳಿದ್ದೇವೆ. ಈಗ ಎಷ್ಟು ಕೊಡುತ್ತೀರಿ ಹೇಳಿ." ಬಿ.ಬಿ. ರಸ್ತೆಯ ಯಜಮಾನರು ಕೇಳಿದ್ದರ ಇನ್ನೊಂದು ಮಗ್ಗುಲು ಇದು. ಉಳಿದ ಕಾರ್ಡಿನ ಭಾರ ತನಗೆ ಬೇಡ ಎಂದು ಅವರು ಒಂದೇ ಮಾತಿನಲ್ಲಿ ತೀರ್ಮಾನಿಸಿದ್ದರು, ಹಾಗೆ ತೀರ್ಮಾನಿಸುವ ಹಕ್ಕು ಅವರಿಗಿತ್ತು. ಇಬ್ಬರೂ ಒಪ್ಪಿದ ಮೊತ್ತವನ್ನು ಅಲ್ಲೇ ಕೊಟ್ಟೆ, ಒಂದು ಚೀಟಿಯಲ್ಲಿ ಬರೆದು ಸಹಿ ಹಾಕಿಸಿಕೊಂಡೆ, ಕಾರ್ಡುಗಳು ಬಂದ ಮೇಲೆ ಒಂದು ಕಟ್ಟು ತಲುಪಿಸಿದೆ. ಆ ಕಾರ್ಡಿನ ಖರ್ಚು ಹದಿನಾರಲ್ಲ, ಹತ್ತೊಂಬತ್ತಕ್ಕೆ ಬರುತ್ತದೆ. ಬೆಲೆಯನ್ನು ಎಪ್ಪತ್ತು ಮಾಡಬೇಕೇ ಎಂದು ಯೋಚಿಸಿ ಬಿಟ್ಟೆ. ಒಂದೇ ಸ್ಟ್ಯಾಂಡಿನಲ್ಲಿ ಎರಡು ಬೆಲೆ ಇದ್ದರೆ ಕೊಳ್ಳುವವರು ಚಿತ್ರ ಬಿಟ್ಟು ಬೆಲೆಯನ್ನೇ ಹೋಲಿಸುತ್ತಾ ನಿಲ್ಲುತ್ತಾರೆ. ಆ ಮೂರು ರೂಪಾಯಿಯನ್ನೂ ನಂದಿಯ ಮೋಡವೇ ದುಡಿದು ಕೊಡುತ್ತಿದೆ.

ಸಂಕ್ರಾಂತಿಯ ಮುದ್ರಣಕ್ಕೆ ಈಗ ಸಿದ್ಧತೆ ನಡೆಸಿದ್ದೇನೆ. ರಟ್ಟಿನ ದರ ಏರಿದೆ, ಅರವತ್ತರಲ್ಲಿ ಇನ್ನೆಷ್ಟು ದಿನ ನಿಲ್ಲುವುದೋ. ಹಳೆಯ ಕಾರ್ಡುಗಳ ಬೆನ್ನ ಮೇಲೆ ಬೆಲೆ ಅಚ್ಚಾಗಿರುವುದರಿಂದ ಅವು ಖಾಲಿಯಾಗುವವರೆಗೆ ಹೊಸದಕ್ಕೂ ಅದೇ ಬೆಲೆ ಇಡಬೇಕಾಗಿದೆ; ಹಳೆಯದರ ಮೇಲೆ ಹೊಸ ಬೆಲೆಯ ಚೀಟಿ ಅಂಟಿಸಿದರೆ ಜನ ಉಗುರಿನಿಂದ ಕೆರೆದು ನೋಡುತ್ತಾರೆ. ಈ ಸಲ ಬೆಲೆಯನ್ನು ಕಾರ್ಡಿನ ಮೇಲೆ ಹಾಕಿಸದೆ ಕವರಿನ ಮೇಲೆ ಪುಟ್ಟ ಚೀಟಿಯಾಗಿ ಅಂಟಿಸಲು ಅತ್ತಿಗೆಗೆ ಹೇಳಿದ್ದೇನೆ. ಹಾಗಾದರೆ ಕೂಲಿ ಒಂದು ರೂಪಾಯಿ ಸಾಲದು, ಒಂದೂಕಾಲಾದರೂ ಆಗಬೇಕು ಎಂದಿದ್ದಾರೆ. ಒಪ್ಪಿಕೊಂಡಿದ್ದೇನೆ.